ಹಾಲು ಜಾಸ್ತಿ, ಸರಿ. ಆದರೆ ಎಲ್ಲ ಕಡೆ ಬದುಕುತ್ತಾ?

ಈಸ್ಟ್ ಫ್ರೀಷಿಯನ್ ಎಂಬ ಹಾಲಿನ ಕುರಿ ತಳಿಯ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು, ಆದರೆ ಒಂದು ತಕರಾರು. ಈ ಕುರಿಯನ್ನು ‘ಯಾರು ಬೇಕಾದರೂ, ಎಲ್ಲಿ ಬೇಕಾದರೂ ಸಾಕಬಹುದು’ ಎಂದು ಬರೆದಿದ್ದೀರಿ. ಇದು ಸುಮ್ನೆ ಆಸೆ ಹುಟ್ಟಿಸುವ ಮಾತು.

ಹಾಲಿನ ವಿಷಯದಲ್ಲಿ ಎರಡು ಮಾತಿಲ್ಲ. ಚೆನ್ನಾಗಿ ನೋಡಿಕೊಂಡರೆ ಒಂದು ಸೂಲಿಗೆ 300ರಿಂದ 600 ಲೀಟರ್ ಕೊಡುತ್ತದೆ, ಅವಳಿ ಮರಿ ಹಾಕುವುದೂ ಮಾಮೂಲು. ಆದರೆ ಅದು ಹುಟ್ಟಿ ಬೆಳೆದದ್ದು ಜರ್ಮನಿಯ ಉತ್ತರ ಸಮುದ್ರದ ಕರಾವಳಿಯಲ್ಲಿ, ತಂಪು ಗಾಳಿ, ಹಸಿ ಹುಲ್ಲಿನ ನಡುವೆ. ಅಲ್ಲಿನ ಜನ ಮನೆಬಳಕೆಯ ಹಾಲಿಗೆ ಎಂದು ಒಂದೋ ಎರಡೋ ಇಟ್ಟುಕೊಂಡು ಮನೆಯವರಂತೆ ನೋಡಿಕೊಳ್ಳುತ್ತಿದ್ದರು. ಅಂಥದನ್ನು ನೂರಾರು ಕುರಿಗಳ ಹಿಂಡಿನಲ್ಲಿ ಬಿಟ್ಟರೆ ಸೊರಗುತ್ತದೆ, ಬಿಸಿಲು ತಡೆಯುವುದಿಲ್ಲ, ನ್ಯುಮೋನಿಯಾ ಬೇಗ ಹಿಡಿಯುತ್ತದೆ.

ಇಸ್ರೇಲ್‌ನಲ್ಲಿ ಇದೇ ಆಯಿತು. ಶುದ್ಧ ತಳಿ ಅಲ್ಲಿನ ಸೆಕೆಗೆ ಒಗ್ಗಲಿಲ್ಲ, ಕೊನೆಗೆ ಸ್ಥಳೀಯ ಅವಾಸ್ಸಿ ಕುರಿಯ ಜೊತೆ ಬೆರೆಸಿ 1955ರಿಂದ ಅಸ್ಸಾಫ್ ಎಂಬ ಹೊಸ ತಳಿಯನ್ನೇ ಬೆಳೆಸಿದರು. ಅದರಲ್ಲಿ ಎಂಟರಲ್ಲಿ ಮೂರು ಪಾಲು ಮಾತ್ರ ಈಸ್ಟ್ ಫ್ರೀಷಿಯನ್.

ವಿಚಿತ್ರ ಅಂದರೆ, ಎಷ್ಟೋ ದೇಶಗಳು ಹಾಲು ಹೆಚ್ಚಿಸಲು ಇದರ ಟಗರನ್ನು ಒಯ್ದಿವೆ, ತವರಿನಲ್ಲಿ ಮಾತ್ರ ಇದು ಅಳಿವಿನ ಅಂಚಿನ ತಳಿಗಳ ಪಟ್ಟಿಯಲ್ಲಿದೆ. ನಿಮ್ಮ ಲೇಖನ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ, ಬರೆಯಬೇಕಿದ್ದದ್ದು ಇದನ್ನೇ ಅಲ್ವಾ?

ಅಂದಹಾಗೆ, ಲೇಖನದ ಜೊತೆ ಹಾಕಿದ ಫೋಟೋ ತಪ್ಪಾಗಿದೆ ಅನಿಸುತ್ತದೆ. ಈ ಕುರಿಯ ಬಾಲ ಇಲಿಬಾಲದ ಹಾಗೆ ಸಣ್ಣಗೆ, ಉಣ್ಣೆಯೇ ಇಲ್ಲದೆ ಇರುತ್ತದೆ. ಫೋಟೋದಲ್ಲಿರುವುದಕ್ಕೆ ಬಾಲದ ತುಂಬಾ ಉಣ್ಣೆ.