ಪಾಪ ಎಂದದ್ದೇ ತಪ್ಪಾಯಿತು

2024ರ ಎಲೆ ಉದುರುವ ಕಾಲ. ಕಚೇರಿಯಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತ ಸಹೋದ್ಯೋಗಿಯೊಬ್ಬನಿಗೆ, "ಪಾಪ, ನಮ್ಮ ಹಾಕಿ ಹುಡುಗ ಕೌವನ್‌ನನ್ನು ಟೊರಾಂಟೊದವರು ಈ ಸಲವೂ ವಾಪಸ್ ಕಳುಹಿಸಿದರಂತೆ" ಎಂದೆ. ಅವನು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. "ಇದರಲ್ಲಿ ಪಾಪ ಏನು ಬಂತು? ಹುಡುಗನಿಗೆ ಇನ್ನೂ ಹತ್ತೊಂಬತ್ತು." ಅಷ್ಟೇ ಹೇಳಿ ಹೊರಟುಹೋದ. ಸಾವಿನ ಮನೆಗೆಂದು ಹೊರಟು ಮದುವೆ ಚಪ್ಪರದೊಳಗೆ ನುಗ್ಗಿದವನಂತೆ ನಾನು ನಿಂತೇ ಇದ್ದೆ.

ನಾನಿರುವುದು ಲಂಡನ್ನಿನಲ್ಲಿ. ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೊದ ಲಂಡನ್. ಇಲ್ಲಿಯೂ ಒಂದು ಥೇಮ್ಸ್ ನದಿ ಹರಿಯುತ್ತದೆ. ಆದರೆ ಊರಿನ ಜೀವ ಇರುವುದು ನೈಟ್ಸ್ ಎಂಬ ಜೂನಿಯರ್ ಐಸ್ ಹಾಕಿ ತಂಡದಲ್ಲಿ. ಈಸ್ಟನ್ ಕೌವನ್ ಆಗ ಆ ತಂಡದ ಫಾರ್ವರ್ಡ್ ಆಗಿದ್ದ. ಪಕ್ಕದ ಮೌಂಟ್ ಬ್ರಿಜಸ್ ಎಂಬ ಪುಟ್ಟ ಊರಿನವನು, ಎತ್ತರ ಆರಡಿಗೂ ಕಡಿಮೆ. ಎನ್‌ಎಚ್‌ಎಲ್ ಎಂಬುದು ಇಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್; ಅದರ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. 2023ರ ಡ್ರಾಫ್ಟ್‌ನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡ ಅವನನ್ನು 28ನೆಯವನಾಗಿ ಆರಿಸಿಕೊಂಡಾಗ, ಇಷ್ಟು ಬೇಗ ಇವನನ್ನೇಕೆ ಎತ್ತಿಕೊಂಡರು ಎಂದು ಹುಬ್ಬೇರಿಸಿದವರೇ ಹೆಚ್ಚು.

ನಮ್ಮ ಲೆಕ್ಕದಲ್ಲಿ ಆಯ್ಕೆಯಾದರೆ ಆಯಿತು. ಮರುದಿನವೇ ಬ್ಯಾನರ್ ಕಟ್ಟಬೇಕು. ಇಲ್ಲಿ ಡ್ರಾಫ್ಟ್ ಎಂದರೆ ಹುಡುಗನ ಹೆಸರಿನ ಮುಂದೆ ಒಂದು ತಂಡ ಟವೆಲ್ ಹಾಕಿ ಸೀಟು ಹಿಡಿದಂತೆ, ಅಷ್ಟೇ. ಆ ಶರತ್ಕಾಲ ಅವನು ಲೀಫ್ಸ್ ಶಿಬಿರಕ್ಕೆ ಹೋದ, ಚೆನ್ನಾಗಿಯೇ ಆಡಿದ, ಆದರೂ ಲಂಡನ್ನಿಗೆ ಮರಳಿಸಿದರು. ಆಗಿನ ನಿಯಮದಂತೆ ಇಪ್ಪತ್ತು ತುಂಬದ ಜೂನಿಯರ್ ಹುಡುಗನನ್ನು ಎನ್‌ಎಚ್‌ಎಲ್ ತಂಡ ತನ್ನಲ್ಲೇ ಇರಿಸಿಕೊಳ್ಳಬೇಕು, ಇಲ್ಲವೇ ಜೂನಿಯರ್ ಲೀಗ್‌ಗೆ ಮರಳಿಸಬೇಕು. ಇವೆರಡರ ನಡುವಿನ ಹಂತದ ಎಎಚ್‌ಎಲ್ ಎಂಬ ವೃತ್ತಿಪರ ಲೀಗ್‌ಗೆ ಕಳುಹಿಸುವಂತಿರಲಿಲ್ಲ. ಮರಳಿದವನು 2023-24ರ ಸಾಲಿನಲ್ಲಿ 54 ಪಂದ್ಯಗಳಲ್ಲಿ 96 ಪಾಯಿಂಟ್ ಗಳಿಸಿ, ನೈಟ್ಸ್ ಆಡುವ ಒಂಟಾರಿಯೊ ಹಾಕಿ ಲೀಗ್‌ನ ಶ್ರೇಷ್ಠ ಆಟಗಾರನಾದ. ಗೋಲು ಹೊಡೆದವನಿಗೂ ಪಾಸು ಕೊಟ್ಟವನಿಗೂ ಇಲ್ಲಿ ಒಂದೊಂದೇ ಪಾಯಿಂಟ್. ಅದು ನನಗೆ ಬಹಳ ಹಿಡಿಸಿದ ಪದ್ಧತಿ. ನಮ್ಮಲ್ಲಿ ಪಾಸು ಕೊಟ್ಟವನ ಹೆಸರು ಪತ್ರಿಕೆಯ ವರದಿಯಲ್ಲಿ ಬಂದರೆ ಪುಣ್ಯ. ಲೀಗ್ ಗೆದ್ದ ನೈಟ್ಸ್ ಆ ವರ್ಷ ಜೂನಿಯರ್ ತಂಡಗಳ ಅತಿ ದೊಡ್ಡ ಟೂರ್ನಿಯಾದ ಮೆಮೊರಿಯಲ್ ಕಪ್ ಫೈನಲ್‌ನಲ್ಲಿ ಸ್ಯಾಗಿನಾ ತಂಡಕ್ಕೆ 4-3ರಿಂದ ಸೋತಿತು. ಇಷ್ಟೆಲ್ಲ ಆದ ಮೇಲೂ ಎರಡನೇ ಶಿಬಿರದಿಂದ ಅವನನ್ನು ಮರಳಿಸಿದರು. ನಾನು ಪಾಪ ಎಂದದ್ದು ಆಗ.

ಆ ವಾರ ಅರೆನಾಕ್ಕೆ ಹೋಗಿ ನೋಡಿದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನ ಮುಖದಲ್ಲಿ ಅಪಮಾನದ ಗುರುತು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದವನು ಬಹುಶಃ ನಾನೊಬ್ಬನೇ. ತನ್ನ ತಂಡದವನೊಬ್ಬ ಪೆನಾಲ್ಟಿಯಲ್ಲಿ ಹೊರಗೆ ಕುಳಿತಾಗ, ಉಳಿದವರೊಂದಿಗೆ ಹಿಂದಕ್ಕೋಡಿ, ಚೆಂಡಿನ ಬದಲು ಇಲ್ಲಿ ಬಳಸುವ ಪಕ್ ಎಂಬ ಬಿಲ್ಲೆಯನ್ನು ತಡೆಯುವ ಕೂಲಿ ಕೆಲಸವನ್ನು ಅವನು ಗೋಲಿನಷ್ಟೇ ಆಸೆಯಿಂದ ಮಾಡುತ್ತಿದ್ದ.

ನನಗೆ ನೆನಪಾದದ್ದು ನನ್ನ ಚಿಕ್ಕಪ್ಪನ ಮಗ. ನಮ್ಮದು ಸೋಮವಾರಪೇಟೆ. ಎಸ್.ವಿ. ಸುನಿಲ್ ಅವರ ಊರು ಎಂದರೆ ಸಾಕು, ಹಾಕಿ ಬಲ್ಲವರಿಗೆ ಬೇರೆ ವಿಳಾಸ ಬೇಡ. 2007ರಲ್ಲಿ ಸುನಿಲ್ ಭಾರತ ತಂಡ ಸೇರಿ, ನಮ್ಮವರು ಏಷ್ಯಾ ಕಪ್ ಗೆದ್ದ ಮೇಲೆ ಊರಿನ ಪ್ರತಿ ಹುಡುಗನ ಕೈಗೂ ಒಂದು ಸ್ಟಿಕ್ ಬಂತು. ನನ್ನ ತಮ್ಮ ಬಲಬದಿಯಲ್ಲಿ ಓಡುತ್ತಿದ್ದ, ನಿಜಕ್ಕೂ ಓಡುತ್ತಿದ್ದ. ಹದಿನಾಲ್ಕಕ್ಕೆ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆಯಾದ; ಹದಿನಾರಕ್ಕೆ, ಬೆಳವಣಿಗೆ ಸಾಲದು ಎಂದು ಮನೆಗೆ ಕಳುಹಿಸಿದರು. ಬಸ್ ಇಳಿದವನ ಕೈಯಲ್ಲಿ ಟ್ರಂಕ್ ನೋಡಿದ ಅಂಗಡಿಯವರು ಕೇಳಿದ ಮೊದಲ ಮಾತು, "ಏನಪ್ಪಾ, ವಾಪಸ್ ಬಂದೆಯಾ?" ಮನೆಗೆ ಬಂದ ನೆಂಟರೊಬ್ಬರು, "ಸುನಿಲ್ ಆಗಲು ಹೋಗಿದ್ದನಲ್ಲ" ಎಂದು ಅವನೆದುರೇ ನಕ್ಕರು. ಚಿಕ್ಕಮ್ಮ ಕಾಫಿ ಕೊಡುವುದನ್ನೂ ಮರೆತು ಒಳಗೆ ಹೋದರು. ನನ್ನ ತಮ್ಮ ಆ ವರ್ಷವಿಡೀ ಮೈದಾನದ ಕಡೆ ತಲೆ ಹಾಕಲಿಲ್ಲ.

ಹದಿನಾರು ವರ್ಷದವನ ಬೆಳವಣಿಗೆ ಮುಗಿಯಿತು ಎಂದು ಯಾವ ಪಂಚಾಂಗದಲ್ಲಿ ಬರೆದಿತ್ತೋ! ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಕಾಯುವ ಜನ ನಾವು. ಹುಡುಗರ ವಿಷಯದಲ್ಲಿ ಮಾತ್ರ ಒಂದೇ ಮಳೆಗಾಲದ ತಾಳ್ಮೆ. 2024ರ ಅಕ್ಟೋಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜು ನಡೆದಾಗ ಮನೆಯಿಂದ ಬಂದ ಫೋನಿನಲ್ಲೂ ಅದೇ: ಹರ್ಮನ್‌ಪ್ರೀತ್‌ಗೆ 78 ಲಕ್ಷವಂತೆ, ಫಾರ್ವರ್ಡ್ ಅಭಿಷೇಕ್‌ಗೆ 72 ಲಕ್ಷವಂತೆ. ಇನ್ನೆರಡು ವರ್ಷಕ್ಕೆ ಯಾರು ತಯಾರಾಗುತ್ತಿದ್ದಾರೆ ಎಂದು ಕೇಳಿದರೆ ಆಚೆಯಿಂದ ಸದ್ದಿಲ್ಲ.

ಕೌವನ್ ಕಥೆ ಮುಂದೆ ನನ್ನ ವಾದಕ್ಕೆ ಬೇಕಾದಂತೆಯೇ ನಡೆಯಿತು. 2025ರ ಜೂನ್ 1ರಂದು ರಿಮುಸ್ಕಿಯಲ್ಲಿ ನೈಟ್ಸ್ 4-1ರಿಂದ ಮೆಡಿಸಿನ್ ಹ್ಯಾಟ್ ತಂಡವನ್ನು ಸೋಲಿಸಿ ಮೆಮೊರಿಯಲ್ ಕಪ್ ಎತ್ತಿತು. ಟೂರ್ನಿಯ ಶ್ರೇಷ್ಠ ಆಟಗಾರ ಇವನೇ. ಅಕ್ಟೋಬರ್‌ನಲ್ಲಿ ಲೀಫ್ಸ್ ಪರ ಮೊದಲ ಪಂದ್ಯ ಆಡಿದ. ಆ ರಾತ್ರಿ ನಾನು ಗೆದ್ದವನಂತೆ ತಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಅವನು ಈಗ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ. ಒಂದು ವರ್ಷ ಮುನಿಸಿಕೊಂಡು ಮತ್ತೆ ಸ್ಟಿಕ್ ಹಿಡಿದದ್ದಕ್ಕೆ ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸ. ಎಲ್ಲವನ್ನೂ ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ: "ಅಣ್ಣಾ, ಕೊನೆಗೂ ಟೊರಾಂಟೊ ಕರೆಯದವರು ಅಲ್ಲಿ ಏನು ಮಾಡುತ್ತಾರೆ?"

ಮರುದಿನ ಅದನ್ನೇ ಸಹೋದ್ಯೋಗಿಗೆ ಕೇಳಿದೆ. ಮೊದಲು, ಜೂನಿಯರ್ ಲೀಗ್‌ನಲ್ಲಿ ಆಡಿದವರಿಗೆ ಓದಲು ವಿದ್ಯಾರ್ಥಿವೇತನ ಇದೆ ಎಂದ. ಸ್ವಲ್ಪ ಹೊತ್ತು ಬಿಟ್ಟು ತನ್ನ ಅಕ್ಕನ ಮಗನ ವಿಷಯ ತೆಗೆದ. ಹದಿನಾರಕ್ಕೆ ಮನೆ ಬಿಟ್ಟು ಯಾರದೋ ಮನೆಯಲ್ಲಿ ಇದ್ದವನು. ಮೂರು ವರ್ಷಗಳಲ್ಲಿ ಎರಡು ಸಲ ಅವನನ್ನು ಬೇರೆ ತಂಡಕ್ಕೆ ಕೊಟ್ಟರು, ಒಮ್ಮೆ ಶಾಲೆಯ ವರ್ಷದ ನಡುವೆಯೇ. ಸ್ಕೇಟ್, ಕವಚ, ಐಸ್‌ನ ಬಾಡಿಗೆ ಎಂದು ಅಕ್ಕ ಮನೆ ಅಡವಿಟ್ಟಿದ್ದಳು. ಡ್ರಾಫ್ಟ್ ದಿನ ಅವನ ಹೆಸರನ್ನು ಯಾರೂ ಕರೆಯಲಿಲ್ಲ.

"ಈಗ?" ಎಂದೆ.

"ಈಗ ಪ್ಲಂಬರ್. ಆಟವನ್ನು ಟಿವಿಯಲ್ಲೂ ನೋಡುವುದಿಲ್ಲ. ಅವನ ಚೀಲ ಇನ್ನೂ ಅಕ್ಕನ ಗ್ಯಾರೇಜಿನಲ್ಲಿದೆ. ಬಾಗಿಲು ತೆಗೆದರೆ ಬೆವರಿನ ವಾಸನೆ."

ಪಾಪ ಎಂಬ ಮಾತು ಬಾಯಿಗೆ ಬಂದಿತ್ತು. ಈ ಸಲ ನುಂಗಿಕೊಂಡೆ. ಅವನೇ ಹೇಳಿದ.