ಅಂಗವೈಕಲ್ಯ ಬೇರೆ, ದುಡಿಮೆಯ ನಷ್ಟ ಬೇರೆ

ಕೆಲಸದಲ್ಲಿ ಗಾಯಗೊಂಡವರಿಗೆ ಅಂಗವೈಕಲ್ಯ ಪ್ರಮಾಣಪತ್ರವೊಂದಿದ್ದರೆ ಪರಿಹಾರ ಸಿಗುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ದಯವಿಟ್ಟು ಯಾರೂ ಅಷ್ಟಕ್ಕೇ ನಿಲ್ಲಬೇಡಿ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ನಮ್ಮ ಭಾವ 2022ರಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಭುಜ ಮುರಿದುಕೊಂಡರು. ಪ್ರಮಾಣಪತ್ರದಲ್ಲಿ ಬರೆದದ್ದು ಕೈಗೆ ಶೇ 30ರಷ್ಟು ವೈಕಲ್ಯ ಎಂದು. ಆದರೆ ಏಣಿಯನ್ನೇ ಹತ್ತಲಾಗದವರಿಗೆ ಮೆಣಸು ಕೊಯ್ಲಿನ ಕೂಲಿ ಎಲ್ಲಿಂದ ಬರಬೇಕು? ಕಾಯ್ದೆಯ ಗಾಯಗಳ ಪಟ್ಟಿಯಲ್ಲಿಲ್ಲದ ಗಾಯವಾದರೆ, ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ನೋಡುತ್ತಿದ್ದದ್ದು ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು. ಅದನ್ನೂ ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಎಡಗೈ ಕಳೆದುಕೊಂಡ ಬಡಗಿ ತನ್ನ ಕಸುಬಿಗೆ ಪೂರ್ಣ ಅಸಮರ್ಥ ಎಂಬುದನ್ನು ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಒಪ್ಪಿದೆ.

ಇನ್ನು ಪರಿಹಾರದ ಲೆಕ್ಕಕ್ಕೆ ಬೇಕಾಗುವ ಕೂಲಿಯ ದಾಖಲೆ. ನಮಗೆ ನಿಜವಾಗಿ ಕಣ್ಣೀರು ತರಿಸಿದ್ದು ಅದು. ತೋಟದ ಹಾಜರಿ ಪುಸ್ತಕದಲ್ಲಿ ಭಾವನ ಹೆಸರೇ ಇರಲಿಲ್ಲ. ಅಕ್ಕ ಮಾತ್ರ ಪ್ರತಿ ಬಟವಾಡೆಯ ದಿನ ಕೈಗೆ ಬಂದ ಹಣವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಡುತ್ತಿದ್ದಳು. ಹೊಗೆ ಹಿಡಿದ ಆ ಹಾಳೆಗಳು, ಜೊತೆಗೆ ಧೈರ್ಯವಾಗಿ ಬಂದು ಸಾಕ್ಷಿ ಹೇಳಿದ ಮೇಸ್ತ್ರಿ. ನಮ್ಮ ಕೈಯಲ್ಲಿದ್ದ ಪುರಾವೆ ಅಷ್ಟೇ. ತೋಟಕ್ಕೆ ಹೋಗುವವರೆಲ್ಲ ಇಂದಿನಿಂದಲೇ ಬಟವಾಡೆಯ ಲೆಕ್ಕ ಬರೆದಿಡಿ.