ಡಬ್ಬಿಯಲ್ಲಿ ಬಂದ ತೀರ್ಥ

ಮುಖಕ್ಕೆ ಲೇಸರ್ ಮಾಡಿಸಿಕೊಂಡು ಮೂರು ವಾರ ಆಯ್ತು. ಮೊಡವೆ ಬಿಟ್ಟುಹೋದ ಗುಳಿಗಳಿಗೆ. ಕ್ಲಿನಿಕ್ಕಿನಿಂದ ಹೊರಗೆ ಬಂದಾಗ ಎರಡು ಗಂಟೆ ಒಲೆ ಮುಂದೆ ಕೂತು ಎದ್ದ ಹಾಗಿತ್ತು. ಬಿಲ್ಲಿನಲ್ಲಿ ಕೊನೆಯ ಸಾಲು: ಥರ್ಮಲ್ ಸ್ಪ್ರಿಂಗ್ ವಾಟರ್ ಸ್ಪ್ರೇ, ಅಂದರೆ ಬಿಸಿನೀರಿನ ಚಿಲುಮೆಯ ನೀರು ತುಂಬಿದ ಡಬ್ಬಿ. ಬೆಲೆ ನೋಡಿ ನಮ್ಮನೆಯವರು ಕೇಳಿದ್ದು ಒಂದೇ ಮಾತು, "ನೀರಿಗಾ?"

ನೀರಿಗೇ. ಡಬ್ಬಿ ತಿರುಗಿಸಿ ಓದಿದೆ. ನೀರು, ಅದನ್ನು ಹೊರಗೆ ದಬ್ಬಲು ನೈಟ್ರೋಜನ್. ಮುಗೀತು.

ಸುಳ್ಳು ಹೇಳಬಾರದು, ಮೊದಲ ರಾತ್ರಿ ಬಹಳ ಹಿತವಾಗಿತ್ತು. ಕೈ ಇಡಲಾಗದ ಮುಖವನ್ನು ಮುಟ್ಟದೇ ತಣ್ಣಗೆ ಮಾಡುತ್ತದಲ್ಲ, ಅದೇ ದೊಡ್ಡದು. ಆದರೆ ಹತ್ತು ನಿಮಿಷಕ್ಕೆ ಚರ್ಮ ಬಿಗಿದು ಮತ್ತೆ ಉರಿ. ಮತ್ತೆ ಹೊಡೆದೆ, ಮತ್ತೆ ಬಿಗಿಯಿತು. ಮರುದಿನ ಕ್ಲಿನಿಕ್ಕಿಗೆ ಫೋನ್ ಮಾಡಿದರೆ, "ನೀರು ಒತ್ತಿ ತೆಗೀಲಿಲ್ವಾ ಮೇಡಂ?" ಅಂದರು. ಒಂದೆರಡು ನಿಮಿಷ ಬಿಟ್ಟು, ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ, ಕೂಡಲೇ ಆಯಿಂಟ್‌ಮೆಂಟ್ ಹಚ್ಚಬೇಕಂತೆ. ತಾನಾಗಿ ಆರಲು ಬಿಟ್ಟರೆ ಚರ್ಮ ಇನ್ನಷ್ಟು ಒಣಗುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗ್ತಿತ್ತು?

ಬಿಸಿಲಿಗೆ ಹೋಗುವ ಹಾಗಿಲ್ಲ, ಅಡುಗೆಮನೆಗೂ ರಜೆ. ಮಲಗಿಕೊಂಡೇ ಈ ನೀರಿನ ಜಾತಕ ಓದಿದೆ. ಇಂಥ ಸ್ಪ್ರೇ ನೀರಿನ ಹೆಸರುವಾಸಿ ಊರುಗಳು ಹೆಚ್ಚಿನವು ಫ್ರಾನ್ಸಿನವು. ಅವೆನ್‌ನಲ್ಲಿ 1736ರ ಹೊತ್ತಿಗೆ ಒಬ್ಬ ಜಮೀನುದಾರನ ಕುದುರೆ ತುರಿಕೆ ತಾಳಲಾರದೆ ಚಿಲುಮೆಯಲ್ಲಿ ಹೊರಳಿ ವಾಸಿಯಾಯಿತಂತೆ. ಲಾ ರೋಶ್ ಪೋಸೆಯ ಕಥೆಯಲ್ಲೂ ಕುದುರೆ, ಅದಕ್ಕೂ ಚರ್ಮರೋಗ! ಆ ದೇಶದ ಕುದುರೆಗಳಿಗೆ ತುರಿಕೆ ಜಾಸ್ತಿಯೇ ಇತ್ತೇನೋ. ಅವೆನ್ ನೀರು ಬಿಸಿಯೂ ಅಲ್ಲ, ಸುಮಾರು 26 ಡಿಗ್ರಿ. ಹೆಚ್ಚುಕಡಿಮೆ ಪುತ್ತೂರಿನ ನಮ್ಮ ಬಾವಿ ನೀರಿನಷ್ಟೇ.

ನನ್ನ ತಲೆ ಕೆಡಿಸಿದ್ದು ಖನಿಜದ ಲೆಕ್ಕ. ಅವೆನ್ ನೀರಲ್ಲಿ ಲೀಟರಿಗೆ 300 ಮಿಲಿಗ್ರಾಂ ಕೂಡ ಖನಿಜ ಇಲ್ಲ, ಅದಕ್ಕೇ ಸೌಮ್ಯ ಅನ್ನುತ್ತಾರೆ. ಆಲ್ಪ್ಸ್ ಕಡೆಯ ಉರಿಯಾಜ್ (ಹೆಸರಲ್ಲೇ ಉರಿ!) ನೀರಲ್ಲಿ ಸುಮಾರು 11 ಗ್ರಾಂ, ಅದಕ್ಕೇ ಒಳ್ಳೆಯದು ಅನ್ನುತ್ತಾರೆ. ಕಡಿಮೆ ಇದ್ದರೂ ಗುಣ, ಜಾಸ್ತಿ ಇದ್ದರೂ ಗುಣ. ಆ ಊರುಗಳಿಗೆ ಇಸುಬು, ಸೋರಿಯಾಸಿಸ್ ಇರುವವರು ಹೋಗಿ ಮೂರು ವಾರ ಉಳಿದು ದಿನಾ ಸ್ನಾನ ಮಾಡುತ್ತಾರೆ, ಅದು ಬೇರೆ ಮಾತು. ನನ್ನ ಮುಖಕ್ಕೆ ಐದು ಸೆಕೆಂಡ್ ಬಿದ್ದ ತುಂತುರಿನಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ತಂಪೇ ಅಂತ ನನ್ನ ಅಭಿಪ್ರಾಯ. ಮತ್ತೆ ಆ ಡಬ್ಬಿ. ಒಳಗೆ ಗಾಳಿ ಹೋಗುವುದಿಲ್ಲ, ಕೊನೆಯ ಹನಿವರೆಗೂ ನೀರು ಕೆಡುವುದಿಲ್ಲ. ನಾನು ದುಡ್ಡು ಕೊಟ್ಟಿದ್ದು ನೀರಿಗಿಂತ ಹೆಚ್ಚಾಗಿ ಡಬ್ಬಿಗೆ.

ಇದನ್ನು ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯ್ತು. "ಎಂತ ಮಾರಾಯ್ತಿ, ಇಲ್ಲೇ ಇರ್ದೆಯಲ್ಲಿ ಬೆಂದ್ರ್ ತೀರ್ಥ ಉಂಟಲ್ಲ, ಒಮ್ಮೆ ಬಂದು ಮಿಂದು ಹೋಗು." ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಗಂಧಕದ ವಾಸನೆಯ ಆ ನೀರಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಲೇಸರ್ ಮಾಡಿದ ಮುಖ ಅಂದರೆ ಸಾವಿರಾರು ಸಣ್ಣ ತೂತುಗಳ ಹಸಿ ಗಾಯ. ನಾಲ್ಕು ಜನ ಮಿಂದ ನೀರನ್ನು ಅದಕ್ಕೆ ಸೋಕಿಸಬಾರದು. ಬಿಸಿ ಅಂತೂ ಬೇಡವೇ ಬೇಡ. ಇನ್ನು ಅರಿಶಿನ, ಲೋಳೆಸರ ಅಂತ ಶುರು ಮಾಡುವ ಮೊದಲೇ ಫೋನ್ ಇಟ್ಟೆ.

ಮೂರನೇ ದಿನದಿಂದ ಮೆಡಿಕಲ್ ಶಾಪಿನ ಸಲೈನ್ ಬಾಟಲಿ, ಫ್ರಿಜ್ಜಿನಲ್ಲಿ ಇಟ್ಟದ್ದು. ಡಾಕ್ಟರನ್ನು ಕೇಳಿಯೇ ತಂದೆ. ಗಾಜ್ ನೆನೆಸಿ ಹತ್ತು ನಿಮಿಷ ಮುಖದ ಮೇಲೆ. ಸ್ಪ್ರೇ ಬೆಲೆಯಲ್ಲಿ ಕಾಲುಭಾಗವೂ ಇಲ್ಲ. ಒಂದೇ ಕಷ್ಟ, ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡುವ ಹಾಗಿಲ್ಲ. ಹೊಪ್ಪಳೆ ಉದುರಿದ ಮೇಲೆ ಡಾಕ್ಟರು ಒತ್ತಿ ಹೇಳಿದ್ದು ಸನ್‌ಸ್ಕ್ರೀನ್ ಬಗ್ಗೆ ಮಾತ್ರ. ನಮ್ಮ ಬಣ್ಣದ ಚರ್ಮಕ್ಕೆ ಬಿಸಿಲು ತಾಗಿದರೆ ಗುಳಿ ಹೋಗಿ ಕಪ್ಪು ಕಲೆ ಬರುತ್ತದೆ. ನೀರಿನ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ. ನಮ್ಮನೆಯವರು ಬಿಸಿಲಿಂದ ಬಂದವರೇ ಕನ್ನಡಕ ತೆಗೆದು ಸುಯ್ ಅಂತ ಹೊಡೆದುಕೊಳ್ಳುತ್ತಾರೆ. ಒರೆಸಿಕೊಳ್ಳಿ ಅಂದರೆ ಕೇಳುವುದಿಲ್ಲ.